ಅಳಿವೆಯ ನೀರಿಗೆ ಆರರ ಗೆರೆ

ಹ್ವಾಯ್ ಮಾಷ್ಟ್ರೆ, ಮಕ್ಕಳಿಗೆ ಜಿಯೋಜೀಬ್ರಾ ಸಾಫ್ಟ್‌ವೇರಿನಲ್ಲಿ ಗ್ರಾಫ್ ತೋರ್ಸ್ತ್ರಿ ಅಲ್ದಾ? ಹಾಗಾದ್ರೆ ಸ್ವಲ್ಪ ಬೇಲಿ ಹತ್ರ ಬನ್ನಿ. ಸಮೀಕರಣ ಬರೆದ ಕೂಡಲೇ ಗೆರೆ ಬಂತು ಅಂತ ಅಲ್ಲಿಗೇ ಬಿಡಬೇಡಿ. ಹಿಂದಿರುವ ಚೌಕ, ಅಕ್ಷ ಎಲ್ಲ ನಾವೇ ಕೂರಿಸಬೇಕು.

ನಮ್ಮ ಗಂಗೊಳ್ಳಿ ಅಳಿವೆಯ ಭರತ-ಇಳಿತವನ್ನೇ ತಗೊಳ್ಳಿ. ದಿನಕ್ಕೆ ಎರಡು ಸಲ ನೀರು ಏರ್ತದೆ, ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಡೀ ದಿನದ್ದು ಹಾಕಿದ್ರೆ ಕಂಪ್ಯೂಟರು ತಾನಾಗಿ 5, 10, 15, 20 ಅಂತ ಗೆರೆ ಎಳೀತದೆ. ಅದು 1, 2, 5ರ ಲೆಕ್ಕದಲ್ಲಿ ಹೋಗುವಂಥದ್ದು. 24 ಗಂಟೆಯ ದಿನಕ್ಕೆ ಐದರ ಗೆರೆ ಹೇಗೆ ಕೂಡ್ತದೆ ಹೇಳಿ? ಹಲ್ಲಿನ ಚಕ್ರದ ಗುರುತು ಒತ್ತಿ, ಎಕ್ಸ್ ಅಕ್ಷದ ಅಂತರ 6 ಅಂತ ಕೊಡಿ. ಆಗ ಕಾಣಿ, ನೀರು ಏರುವುದು, ಇಳಿಯುವುದು ಒಂದೊಂದು ಚೌಕದ ಹತ್ತಿರ ಹತ್ತಿರ ಬಂದು ನಿಲ್ತದೆ. ಆ ಮಿಕ್ಕ 25 ನಿಮಿಷ ಗೆರೆಯಿಂದ ಆಚೆ ಜಾರಿದ್ದೂ ಕಣ್ಣಿಗೆ ಕಾಣ್ತದೆ. ಭರತ ದಿನಾ ಸುಮಾರು 50 ನಿಮಿಷ ತಡ ಆಗುವುದು ಎಂತಕೆ ಅಂತ ಮಕ್ಕಳೇ ಕೇಳ್ತಾರೆ. ಬಲೆಯ ಕಣ್ಣು ಮೀನಿಗೆ ತಕ್ಕ ಹಾಗೆ ಇರ್ತದಲ್ಲ, ಗ್ರಾಫಿನ ಚೌಕವೂ ಹಾಗೇ.

ಸೈನ್ ಗೆರೆ ಕಲಿಸುವಾಗ ಅದೇ ಜಾಗದಲ್ಲಿ ಪೈ ಅಥವಾ ಅರ್ಧ ಪೈ ಅಂತರ ಆರಿಸಬಹುದು. ಪಿಯುಸಿ ಮಕ್ಕಳಿಗೆ ಅದು ದೊಡ್ಡ ಉಪಕಾರ.

ಇನ್ನೊಂದು, ಎರಡು ಅಕ್ಷದ ಅನುಪಾತ. ವೃತ್ತ ಬರೆಯುವಾಗ ಒಂದಕ್ಕೊಂದು ಸಮ ಇರಲೇಬೇಕು, ಇಲ್ಲದಿದ್ರೆ ವೃತ್ತ ಮೊಟ್ಟೆ ಆಗ್ತದೆ, ಲಂಬವಾದ ಎರಡು ರೇಖೆ ಓರೆ ಕಾಣ್ತವೆ. ಆದರೆ ಅಳಿವೆಯ ನೀರಿಗೆ ಅದೇ ಅನುಪಾತ ಇಟ್ರೆ ಅಡ್ಡಕ್ಕೆ 24, ಎತ್ತರಕ್ಕೆ ಒಂದೂವರೆ ಮೀಟರು, ಗೆರೆ ಚಪ್ಪಟೆ! ಅಲ್ಲಿ ವೈ ಅಕ್ಷ ಹಿಗ್ಗಿಸಲೇಬೇಕು, ಅರ್ಧ ಮೀಟರಿಗೊಂದು ಗೆರೆ ಇಟ್ಟು, ಪಕ್ಕದಲ್ಲಿ ‘ಮೀ.’ ಅಂತ ಬರೆದು.

"ಅಕ್ಷ ಸೊನ್ನೆಯಿಂದಲೇ ಶುರು ಆಯ್ಕಾ?" ಅಂತ ಕೇಳ್ತ್ರಿ. ಮಳೆಯ ಕಂಬ ನಿಲ್ಲಿಸುವುದಾದ್ರೆ ಹೌದು, ಬುಡ ಕತ್ತರಿಸಿದ್ರೆ ಜೂನಿಗೂ ಜುಲೈಗೂ ಇಲ್ಲದ ಅಂತರ ಹುಟ್ಟಿಕೊಳ್ತದೆ. ಸೆಕೆಯ ಗೆರೆಗೆ ಬೇಡ. ನಮ್ಮ ಕರಾವಳಿಯಲ್ಲಿ ಹಗಲಿನ ಸೆಕೆ ಜುಲೈಯಲ್ಲಿ 28-29 ಡಿಗ್ರಿ, ಏಪ್ರಿಲಿನಲ್ಲಿ 33ರ ಆಸುಪಾಸು. ಸೊನ್ನೆಯಿಂದ ಎಳೆದ್ರೆ ಇಡೀ ವರ್ಷ ಮೇಲೆಲ್ಲೋ ಅಂಟಿಕೊಂಡು ಕೂರ್ತದೆ, 20ರಿಂದ ಶುರು ಮಾಡಿ.

ಈ ಜಿಯೋಜೀಬ್ರಾವನ್ನು 2001ರಲ್ಲಿ ಸಾಲ್ಜ್‌ಬರ್ಗಿನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದ್ದೇ ಕಲಿಸುವುದಕ್ಕೆ ಅಂತ. ಹಾಗಾಗಿ ಇಷ್ಟೆಲ್ಲ ಕೈಗೆ ಸಿಗುವ ಹಾಗೆ ಇದೆ, ಪುಕ್ಕಟೆ ಬೇರೆ.

ಚೌಕದ ಬಣ್ಣ ತಿಳಿಬೂದು ಮಾಡಿ, ಅಕ್ಷ ಕಪ್ಪು, ಮುಖ್ಯ ಗೆರೆ ದಪ್ಪ. ಜೆರಾಕ್ಸ್ ಮಾಡಿಸಿ ಹಂಚುವುದಿದ್ರೆ ಮಾತ್ರ ಬೂದು ಸ್ವಲ್ಪ ಗಾಢ ಇರಲಿ, ತೀರಾ ತಿಳಿಯಾದ ಗೆರೆ ಕಾಗದದ ಮೇಲೆ ಬರುವುದೇ ಇಲ್ಲ. ಅಳಿವೆಯ ಗ್ರಾಫ್ ನನ್ನ ಹತ್ರ ತಯಾರಿದೆ, ಪೆನ್‌ಡ್ರೈವ್ ಕೊಡಿ, ಈಗಲೇ ಹಾಕಿ ಕೊಡ್ತೆ.