ಮಾಳಿಗೆಯ ಮೇಲಿನ ಮಹನೀಯರೊಡನೆ

ನವಲಗುಂದದ ಮಾಳಿಗೆಮನೆಯೊಂದರ ನೆತ್ತಿಯ ಮೇಲೆ, ದಕ್ಷಿಣಾಭಿಮುಖವಾಗಿ, ಊರಿನ ಅಕ್ಷಾಂಶಕ್ಕೆ ತಕ್ಕಂತೆ ಸುಮಾರು 15 ಡಿಗ್ರಿ ಓರೆಯಾಗಿ ವಿರಾಜಮಾನರಾಗಿರುವ ಶ್ರೀಮಾನ್ ಸೌರಫಲಕರನ್ನು ಚೈತ್ರದ ನಡುಹಗಲಿನಲ್ಲಿ ಏಣಿಯೇರಿ ಸಂದರ್ಶಿಸಿದೆವು.

ಪ್ರಶ್ನೆ: ಎರೆಸೀಮೆಯ ಈ ಬಿಸಿಲು ತಮಗೆ ಮೃಷ್ಟಾನ್ನವಲ್ಲವೆ?

ಫಲಕ: ನಾನು ಉಣ್ಣುವುದು ಬೆಳಕನ್ನು, ಕಾವನ್ನಲ್ಲ. ರಂಜಕವನ್ನೂ ಬೋರಾನನ್ನೂ ಲವಲೇಶ ಬೆರೆಸಿದ ಸಿಲಿಕಾನಿನ ಎರಡು ಪದರಗಳು ಕೂಡುವೆಡೆಯಲ್ಲಿ ಬೆಳಕಿನ ಕಣವು ಬಡಿದೊಡನೆ ಎಲೆಕ್ಟ್ರಾನು ನೆಲೆದಪ್ಪಿ ಒಂದೇ ದಿಕ್ಕಿಗೆ ಹರಿಯತೊಡಗುವುದು; ಆ ಹರಿವೇ ವಿದ್ಯುತ್ತು. ಮೈಕಾವು 25 ಡಿಗ್ರಿ ಮೀರಿತೋ, ಏರಿದ ಒಂದೊಂದು ಡಿಗ್ರಿಗೂ ನನ್ನ ಕಸುವು ಶೇಕಡಾ 0.3ರಿಂದ 0.4ರಷ್ಟು ಕುಗ್ಗುವುದು. ಈಗ ನನ್ನನ್ನು ಮುಟ್ಟಬೇಡಿರಿ, ಅಂಗೈ ಬೊಬ್ಬೆಯೆದ್ದೀತು.

ಪ್ರಶ್ನೆ: ದಿನದ ಸಂಪಾದನೆ?

ಫಲಕ: ಬಿದ್ದ ಬೆಳಕಿನಲ್ಲಿ ಐದರಲ್ಲೊಂದು ಪಾಲು ದಕ್ಕುವುದು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜನಿಸಿದ ನಮ್ಮ ಹಿರಿಯರಿಗೆ ಶೇಕಡಾ 6ರಷ್ಟೇ ದಕ್ಕುತ್ತಿದ್ದಿತು. ಒಂದು ಕಿಲೋವಾಟಿನ ನಮ್ಮ ಕುಟುಂಬವು ನಿತ್ಯವೂ ನಾಲ್ಕು ಯೂನಿಟ್ಟಿನ ಆಸುಪಾಸು ದುಡಿಯಬಲ್ಲುದು, ಮನೆಯವರು ದುಡಿಯಗೊಟ್ಟರೆ!

ನವಿಲಿನ ಚಿತ್ತಾರದ ಒದ್ದೆ ಜಮಖಾನೆಯೊಂದು ಅವರ ಎಡಭುಜದ ಮೇಲೆ ನೀರು ತೊಟ್ಟಿಕ್ಕುತ್ತ ಒಣಗುತ್ತಿದ್ದುದನ್ನು ನಾವು ಕಂಡುದು ಆಗ. "ತಮ್ಮಾ, ಜಮಖಾನಿ ತುಳೀಬ್ಯಾಡೋ!" ಎಂದು ಕೆಳಗಿನಿಂದ ಮನೆಯ ಅವ್ವನವರ ಎಚ್ಚರಿಕೆಯೂ ಬಂದಿತು.

ಫಲಕ: ಮೂಲೆ ಮುಚ್ಚಿದರೆ ಮೂಲೆಯಷ್ಟೇ ನಷ್ಟವೆಂದು ಅವ್ವನವರ ಲೆಕ್ಕ. ನನ್ನ ಕೋಶಗಳೋ ಒಂದಕ್ಕೊಂದು ಪೋಣಿಸಿದವು. ಒಂದು ಮುನಿದರೆ ಸಾಲಿಗೆ ಸಾಲೇ ಮುನಿಯುವುದು.

ಪ್ರಶ್ನೆ: ಸರಕಾರದ ಆಶ್ರಯ ಹೇಗಿದೆ?

ಫಲಕ: ಉದಾರವಾಗಿದೆ. 2024ರ ಸೂರ್ಯಘರ್ ಯೋಜನೆಯು ಮೂರು ಕಿಲೋವಾಟಿಗೆ 78,000 ರೂಪಾಯಿ ಕೊಟ್ಟು ನನ್ನನ್ನು ಮಾಳಿಗೆಗೇರಿಸುವುದು. 2023ರ ಗೃಹಜ್ಯೋತಿಯು 200 ಯೂನಿಟ್ಟಿನೊಳಗೆ ಬಳಸುವವರ ಬಿಲ್ಲನ್ನೇ ಅಳಿಸಿ, ಇವನೇತಕ್ಕೆಂದು ಕೇಳುವಂತೆ ಮಾಡುವುದು. ಪಾವಗಡದಲ್ಲಿ ರೈತರ ಹೊಲಗಳನ್ನು ಗುತ್ತಿಗೆಗೆ ಹಿಡಿದು 2,050 ಮೆಗಾವಾಟಿನ ಸಂಸಾರ ಹೂಡಿರುವ ನನ್ನ ಬಂಧುಗಳಿಗೆ ಈ ಅತ್ತೆಯರಿಬ್ಬರ ಕಾಟವಿಲ್ಲ.

ಪ್ರಶ್ನೆ: ಕರೆಂಟು ಹೋದಾಗಲಾದರೂ ಈ ಮನೆಗೆ ತಾವೇ ಗತಿಯಲ್ಲವೆ?

ಫಲಕ: ಬ್ಯಾಟರಿಯಿಲ್ಲದೆ ಹೆಸ್ಕಾಮಿನ ತಂತಿಗೆ ಕಟ್ಟುಬಿದ್ದವನು ನಾನು. ನನ್ನ ಏಕಮುಖ ಪ್ರವಾಹವನ್ನು ಪರ್ಯಾಯ ಪ್ರವಾಹವಾಗಿಸುವ ಇನ್ವರ್ಟರು ತಂತಿಯಲ್ಲಿ ಕರೆಂಟು ನಿಂತ ಕೂಡಲೇ ತಾನೂ ನಿಲ್ಲುವುದು. ನಿಲ್ಲದಿದ್ದರೆ ಕಂಬವೇರಿದ ಲೈನ್‌ಮನ್ನಿನ ಪ್ರಾಣಕ್ಕೆ ಸಂಚಕಾರ. ಆದುದರಿಂದ, ಮೇಲೆ ಸೂರ್ಯನೂ ಇದ್ದು, ನಡುವೆ ನಾನೂ ಇದ್ದು, ಕೆಳಗೆ ಫ್ಯಾನು ಮಾತ್ರ ತಿರುಗದು. ಇದನ್ನು ಮೊದಲ ಸಲ ಕಂಡಾಗ ಅವ್ವನವರು ಆಡಿದ ಮಾತನ್ನು ತಾವು ಅಚ್ಚುಹಾಕಿಸಲಾರಿರಿ.