ಗುರುಬಲಕ್ಕೆ ಅಡಿಕೆ ಒಲೆ ಅಡ್ಡ

ತರೀಕೆರೆಯ ಹಿತ್ತಲಿನಲ್ಲಿ ನಾಲ್ಕೂವರೆ ಇಂಚಿನ ಕನ್ನಡಿಯ ದೂರದರ್ಶಕ ನಿಲ್ಲಿಸಿದ ಮೇಲೆ ಬೀದಿಯವರು ನನ್ನನ್ನು ಅರ್ಧ ಜ್ಯೋತಿಷಿ ಎಂದೇ ತಿಳಿದಿದ್ದಾರೆ. ದಕ್ಷಿಣೆ ಕೊಡುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ. ಅತ್ತೆಯದು ಮೇಷ ರಾಶಿ. 2025ರ ಮಾರ್ಚ್ 29ಕ್ಕೆ ಶನಿ ಮೀನಕ್ಕೆ ಬಂದು ಸಾಡೇಸಾತಿ ಶುರುವಾಗಿದೆ, ಅವನನ್ನು ಕಣ್ಣೆತ್ತಿಯೂ ನೋಡಬಾರದು ಎನ್ನುತ್ತಿದ್ದವರು ನವೆಂಬರಿನ ಒಂದು ಸಂಜೆ ತಡೆಯಲಾರದೆ ಬಂದು ಒಂದು ಕಣ್ಣಿಟ್ಟರು.

“ಬಳೆ ಎಲ್ಲೋ?”

ಸುಮಾರು ಹದಿನೈದು ವರ್ಷಕ್ಕೊಮ್ಮೆ ಆ ಬಳೆ ತನ್ನ ಅಂಚನ್ನು ನಮ್ಮ ಕಡೆ ತಿರುಗಿಸುತ್ತದೆ, ಆಗ ಅತ್ತಿತ್ತ ಬರೀ ಗೆರೆ ಕಾಣುತ್ತದೆ ಎಂದು ವಿವರಿಸಿದೆ.

“ನನ್ನ ಒಡವೆ ಕೀಳ್ತಾನೆ ಅಂದ್ರು. ಅವನದೇ ಅಡ ಬಿದ್ದಿದೆಯಲ್ಲೋ!” ಎಂದು ನಗುತ್ತಾ ಒಳಗೆ ಹೋದವರು ಅವತ್ತಿನಿಂದ ಶನಿಯ ಸುದ್ದಿ ಎತ್ತಿಲ್ಲ.

ಗುರುವಿನ ಕಥೆ ಬೇರೆ. 2026ರ ಜನವರಿ 10ಕ್ಕೆ ಅವನು ಸೂರ್ಯನಿಗೆ ನೇರ ಎದುರು ಬಂದಿದ್ದ. ಸಂಜೆ ಹುಟ್ಟಿ ಬೆಳಗಿನವರೆಗೆ ಆಕಾಶದಲ್ಲೇ ಇರುತ್ತಿದ್ದ, ನಡುರಾತ್ರಿ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಲಂಡನ್ನಿನವರಿಗೂ ಸಿಗದ ಭಾಗ್ಯ. ಆದರೆ ಪಕ್ಕದ ತೋಟದವರ ಅಡಿಕೆ ಸುಗ್ಗಿಯೂ ಆಗಲೇ. ಸುಲಿದ ಅಡಿಕೆ ಚೊಗರಿನಲ್ಲಿ ಬೇಯುತ್ತಿತ್ತು. ಒಲೆಯ ಬಿಸಿಗಾಳಿ ಮೇಲೇರಿ ನನ್ನ ನಳಿಗೆಯ ಮುಂದೆಯೇ ಹಾಯುತ್ತಿತ್ತು. ಹಂಡೆಯ ತಳದಲ್ಲಿ ಬಿದ್ದ ಅಡಿಕೆಯ ಹಾಗೆ ಗುರು ಕದಡಿದ. ಪಟ್ಟೆ ಎರಡೋ ನಾಲ್ಕೋ ಹೇಳುವವರು ಯಾರು? ಒಲೆ ಆರಿಸಿ ಎನ್ನೋಣವೆಂದರೆ, ಅಡಿಕೆಯ ಮುಂದೆ ಗುರುವಿಗೆ ತರೀಕೆರೆಯಲ್ಲಿ ಎಷ್ಟು ಬೆಲೆ ಎಂಬುದು ನನಗೆ ಗೊತ್ತು.

“ನಮ್ಮ ತಾರಸಿಗೆ ತಗೊಂಡು ಬಾ” ಎಂದರು ಕಡೂರಿನ ಮಾವ. ಹೋದೆ. ಆದರೆ ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೆಲ್ಲ ಬಿಸಿ ಉಗುಳುತ್ತದೆ. ಮೇಲಾಗಿ ಯಾರು ಹೆಜ್ಜೆ ಇಟ್ಟರೂ ಗುರು ಕುಣಿಯುತ್ತಾನೆ. ನೂರೈವತ್ತು ಪಟ್ಟು ಹಿಗ್ಗಿಸಿದರೆ ಅವನು ಒಂದೂವರೆ ನಿಮಿಷದೊಳಗೆ ಮಸೂರದಿಂದ ಜಾರಿಹೋಗುತ್ತಾನೆ. ಮಾವ ಮೊಮ್ಮಕ್ಕಳನ್ನು ಕೂಗಿ ಕರೆಯುವಷ್ಟರಲ್ಲಿ ಆಕಾಶ ಖಾಲಿ.

“ಓಡಿದ್ದು ಗುರುವಲ್ಲ ಮಾವ, ಭೂಮಿ. ಅಂದ್ರೆ ನಿಮ್ಮ ಕಡೂರು.”

“ಕಡೂರು ಇಷ್ಟು ಜೋರಾಗಿ ಮುಂದೆ ಹೋಗಿದ್ದು ಇದೇ ಮೊದಲು ಕಣಯ್ಯ” ಎಂದರು.

ಕೊನೆಗೆ ಮರ್ಯಾದೆ ಉಳಿಸಿದ್ದು ಅಜ್ಜಂಪುರ. ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ತಳಿಯನ್ನು ಸಾಕುವ ಊರದು. ಅಲ್ಲಿನ ಎತ್ತು ನನ್ನ ನಳಿಗೆಯನ್ನು ಕಂಡು, ಇದರಲ್ಲಿ ಮದ್ದು ಹಿಡಿಯುವುದಿಲ್ಲ ಎಂಬಂತೆ ಮುಖ ತಿರುಗಿಸಿತು. ಚಿಕ್ಕಪ್ಪನ ಮನೆ ಹಿಂದಿನ ಹುಲ್ಲುನೆಲ ಬೇಗ ತಣ್ಣಗಾಗುತ್ತದೆ. ಒಲೆಯಿಲ್ಲ, ತಾರಸಿಯಿಲ್ಲ. ನಡುರಾತ್ರಿ ದಾಟಿದ ಮೇಲೆ ಗಾಳಿ ನಿಂತಿತು. ಎರಡು ಕಂದು ಪಟ್ಟೆಗಳ ಅಂಚು ಗೀಚಿದಂತೆ ಸ್ಪಷ್ಟವಾಯಿತು, ಮೂರನೆಯದೂ ಇಣುಕಿತು. ಪಟ್ಟೆಯ ಮೇಲೆ ಒಂದು ಕಪ್ಪು ಚುಕ್ಕೆ: ಅಯೋ ಉಪಗ್ರಹದ ನೆರಳು. 1610ರಲ್ಲಿ ಗೆಲಿಲಿಯೋ ಅಯೋ ಸೇರಿದಂತೆ ಗುರುವಿನ ಚಂದ್ರರನ್ನು ಕಂಡಿದ್ದ. ಅವುಗಳ ನೆರಳು ಅವನ ಮಸೂರಕ್ಕೆ ಎಟುಕುವಂಥದ್ದಲ್ಲ. ಚಿಕ್ಕಪ್ಪ ಕಂಬಳಿ ಹೊದ್ದು ಬಂದು ನೋಡಿದರು. “ಇದಕ್ಕಾ ನಿದ್ದೆ ಕೆಟ್ಟಿದ್ದು?” ಎಂದರು. ಅರ್ಧ ಗಂಟೆ ಕಳೆದರೂ ಜಾಗ ಮಾತ್ರ ಬಿಟ್ಟುಕೊಡಲಿಲ್ಲ.

ದೂರದರ್ಶಕ ಕೊಳ್ಳುವವರಿಗೆ ಒಂದು ಮಾತು. ಡಬ್ಬದ ಮೇಲೆ ಐನೂರು ಪಟ್ಟು ಎಂದು ಅಚ್ಚು ಹಾಕಿದ್ದರೆ ನಂಬಬೇಡಿ. ಈ ಅಳತೆಯ ಕನ್ನಡಿಗೆ ಇನ್ನೂರರ ಆಸುಪಾಸೇ ಮಿತಿ. ನೋಡುವುದಕ್ಕೆ ಒಂದು ಗಂಟೆ ಮೊದಲೇ ಹೊರಗಿಟ್ಟು ಕನ್ನಡಿ ತಣಿಸಿ. ಗುರು ಮತ್ತೆ ಎದುರು ಬರುವುದು 2027ರ ಫೆಬ್ರವರಿ ಎರಡನೇ ವಾರ. ಅಷ್ಟು ಹೊತ್ತಿಗೆ ಅಡಿಕೆ ಬೆಂದು ಮಂಡಿ ಸೇರಿರುತ್ತದೆ, ತರೀಕೆರೆಗೇ ಬನ್ನಿ.