ಒಣಹವೆ ಮುಂದುವರಿಯುವುದು

ಶಿವರಾತ್ರಿ ಕಳೆದು, ಚಳಿಯು ಶಿವಶಿವಾ ಎನ್ನುತ್ತ ಹೊರಟುಹೋದ ಮೇಲೆ, ಭರಣಿಯ ಮೊದಲ ಗುಡುಗು ಜೋಗಿಮಟ್ಟಿಯ ಕಡೆಯಿಂದ ಕೇಳಿಸುವವರೆಗಿನ ಅವಧಿಯಲ್ಲಿ, ನಮ್ಮ ಚಿತ್ರದುರ್ಗದ ಹವೆಯ ಭವಿಷ್ಯವನ್ನು ನುಡಿಯುವ ಕಾರ್ಯದಷ್ಟು ನಿಶ್ಚಿಂತವಾದ ಉದ್ಯೋಗ ಭೂಮಂಡಲದಲ್ಲಿ ಬೇರೊಂದಿರಲಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಸಂಜೆಯ ವಾರ್ತೆಗಳಲ್ಲಿ ಮಂತ್ರಿಗಳ ಪ್ರವಾಸ, ಅಡಿಕೆಯ ಧಾರಣೆ, ಕ್ರಿಕೆಟ್ಟಿನ ಜಯಾಪಜಯಗಳೆಲ್ಲ ದಿನಕ್ಕೊಂದು ರೂಪವನ್ನು ತಾಳುತ್ತಿರಲು, ಕಟ್ಟಕಡೆಗೆ ಬರುವ ಆ ಒಂದು ವಾಕ್ಯ ಮಾತ್ರ—ಒಳನಾಡಿನಲ್ಲಿ ಒಣಹವೆ ಮುಂದುವರಿಯುವುದು ಎಂಬುದು—ಅಕ್ಷರವೊಂದೂ ವ್ಯತ್ಯಾಸವಾಗದೆ ಬರುತ್ತದೆ; ಬಂದದ್ದು ಮರುದಿನ ಹಾಗೆಯೇ ನಿಜವೂ ಆಗುತ್ತದೆ. ಇಷ್ಟು ನಿಯಮದಿಂದ ಸತ್ಯವನ್ನು ನುಡಿಯುವ ಬಾಯಿ ಈ ಕಲಿಯುಗದಲ್ಲಿ ದುರ್ಲಭವೆಂದು ನಾವು ಎದ್ದುನಿಂತು ಕೈಮುಗಿಯಬೇಕಾಗಿತ್ತು. ನಾವು ಎದ್ದುನಿಲ್ಲುವುದೇನೋ ನಿಜ. ಆದರೆ ಅದು ರೇಡಿಯೋ ಆರಿಸುವುದಕ್ಕೆ.

ಸತ್ಯಸಂಧರಿಗೆ ಲೋಕದಲ್ಲಿ ಶ್ರೋತೃಗಳು ಕಡಿಮೆಯೆಂಬುದನ್ನು ಅರಿಯಬೇಕಾದರೆ ಯುಗಾದಿಯ ಸಾಯಂಕಾಲ ದೇವಸ್ಥಾನದ ಪ್ರಾಂಗಣದಲ್ಲಿ ನಡೆಯುವ ಪಂಚಾಂಗಶ್ರವಣಕ್ಕೆ ಹೋಗಬೇಕು. ಬೇವುಬೆಲ್ಲವನ್ನು ಮೆದ್ದ ಬಾಯಿಯನ್ನು ಒರೆಸಿಕೊಂಡು ಊರಿಗೆ ಊರೇ ಅಲ್ಲಿ ಕುಳಿತಿರುತ್ತದೆ. ಯುಗಾದಿ ಯಾವ ವಾರದಂದು ಬಿದ್ದಿತೋ ಆ ವಾರದ ಅಧಿಪತಿಯಾದ ಗ್ರಹವೇ ಸಂವತ್ಸರದ ರಾಜನೆಂದೂ, ಸೂರ್ಯನು ಆರ್ದ್ರಾ ನಕ್ಷತ್ರವನ್ನು ಹೊಗುವ ದಿನದ ಒಡೆಯನೇ ಮೇಘಾಧಿಪತಿಯೆಂದೂ, ಹೀಗೆಯೇ ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ ಮೊದಲಾದ ನವನಾಯಕರ ಸಚಿವಸಂಪುಟವನ್ನು ಯಾರ ರಾಜೀನಾಮೆಯ ಬೆದರಿಕೆಯೂ ಇಲ್ಲದೆ ರಚಿಸಿ ಮುಗಿಸಿದ ಶಾಸ್ತ್ರಿಗಳು, ಆವರ್ತ, ಸಂವರ್ತ, ಪುಷ್ಕರ, ದ್ರೋಣಗಳೆಂಬ ನಾಲ್ಕು ಮೇಘಗಳಲ್ಲಿ ಈ ವರ್ಷದ್ದು ಯಾವುದೆಂಬುದನ್ನು ತಿಳಿಸಿ, ಸುರಿಯಲಿರುವ ಮಳೆಯನ್ನು ಕೊಳಗದಲ್ಲಿ ಅಳೆದು, ಸಮುದ್ರಕ್ಕಿಷ್ಟು, ಪರ್ವತಕ್ಕಿಷ್ಟು, ಉಳಿದದ್ದು ಭೂಮಿಗೆ ಎಂದು ಪಾಲುಪಟ್ಟಿಯನ್ನು ಓದುತ್ತಾರೆ. ಒಮ್ಮೆ ಚಳ್ಳಕೆರೆಯ ಕಡೆಯ ರೈತರೊಬ್ಬರು, ವರ್ಷವಿಡೀ ಸುರಿದರೂ 500 ಮಿಲಿಮೀಟರಿನ ಆಸುಪಾಸಿನಲ್ಲಿಯೇ ನಿಲ್ಲುವ ತಮ್ಮ ಸೀಮೆಯ ಮಳೆಯನ್ನು ನೆನೆದು, ಎದ್ದು ನಿಂತು ಕೇಳಿದರು: “ಅಲ್ಲ ಸ್ವಾಮಿ, ಸಮುದ್ರದಾಗೆ ನೀರಿಗೇನು ಬರ ಐತೆ? ಅದಕ್ಯಾಕೆ ಅಷ್ಟು ಪಾಲು?” ಶಾಸ್ತ್ರಿಗಳು ಕನ್ನಡಕವನ್ನು ಮೇಲೇರಿಸಿ, “ಅದನ್ನ ಗ್ರಹಗಳನ್ನೇ ಕೇಳಬೇಕಪ್ಪಾ, ನಾನು ಬರೀ ಓದೋನು” ಎಂದರು. ಆ ರೈತರು ಮರುವರ್ಷವೂ ಬಂದು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಪಾಲು ಸಿಕ್ಕದಿದ್ದರೂ ಪಾಲುಪಟ್ಟಿಯಲ್ಲಿ ಹೆಸರಿರುವುದೇ ಒಂದು ಸಮಾಧಾನವಿರಬೇಕು. ರೇಡಿಯೋದವರ ಒಣಹವೆಯಲ್ಲಿ ಅಷ್ಟೂ ಇಲ್ಲವಷ್ಟೆ.

ಆದರೆ ಒಣಹವೆಯೆಂದೊಡನೆ ಆಕಾಶದಲ್ಲಿ ಯಾವ ವ್ಯಾಪಾರವೂ ನಡೆಯುತ್ತಿಲ್ಲವೆಂದು ಭಾವಿಸುವವರು ಫಾಲ್ಗುಣದ ಒಂದು ಮಧ್ಯಾಹ್ನವನ್ನು ನಮ್ಮ ಬೀದಿಯಲ್ಲಿ ಕಳೆದವರಲ್ಲ. ಬೆಳಗ್ಗೆ ಏಳು ಗಂಟೆಗೆ ಹೊಂಗೆಯ ಚಿಗುರು ಕೂಡ ಅಲುಗದಷ್ಟು ಸೌಮ್ಯವಾಗಿರುವ ವಾಯುವು, ಬಿಸಿಲೇರಿ ನೆಲ ಕಾದು, ನೆಲವನ್ನು ಮುಟ್ಟಿದ ಗಾಳಿ ಹಗುರಾಗಿ ಮೇಲಕ್ಕೆದ್ದು, ಅದರ ಸ್ಥಾನವನ್ನು ತುಂಬಲು ಮೇಲಣ ವೇಗವಾದ ಗಾಳಿ ಕೆಳಕ್ಕಿಳಿಯತೊಡಗಿದ ಮೇಲೆ, ಹನ್ನೊಂದರ ಸುಮಾರಿಗೆ ಮೈಮುರಿದೆದ್ದು, ಎರಡು ಮೂರು ಗಂಟೆಯ ಹೊತ್ತಿಗೆ ತನ್ನ ಪೂರ್ಣಾಧಿಕಾರವನ್ನು ವಹಿಸಿಕೊಳ್ಳುತ್ತದೆ. ಸೂರ್ಯಾಸ್ತವಾಗಿ ನೆಲ ತಣಿದೊಡನೆ, ಕಚೇರಿಯ ವೇಳೆ ಮುಗಿಯಿತೆಂಬಂತೆ ಅಡಗುತ್ತದೆ. ಈ ನಡುವಿನ ನಾಲ್ಕೈದು ತಾಸುಗಳಲ್ಲಿ ನಮ್ಮ ಬೀದಿಯಲ್ಲಿ ಸ್ಥಿರಾಸ್ತಿಯೊಂದನ್ನುಳಿದು ಮಿಕ್ಕೆಲ್ಲ ಆಸ್ತಿಯೂ ಪುನರ್ವಿಭಾಗಕ್ಕೆ ಒಳಗಾಗುತ್ತದೆ. ನನ್ನ ಪಂಚೆ ಮೂರನೆಯ ಮನೆಯ ನುಗ್ಗೆಯ ಮರದಲ್ಲಿಯೂ, ಆ ಮನೆಯ ಹುಡುಗನ ಗಣಿತದ ಉತ್ತರಪತ್ರಿಕೆ ನಮ್ಮ ತುಳಸಿಕಟ್ಟೆಯಲ್ಲಿಯೂ ಪ್ರತ್ಯಕ್ಷವಾಗುತ್ತವೆ. ಆ ಪತ್ರಿಕೆಯನ್ನು ತಂದೆಗೆ ತೋರಿಸುವ ಮುನ್ನವೇ ಗಾಳಿ ಅದನ್ನು ಒಯ್ದುದಕ್ಕಾಗಿ ಹುಡುಗನು ವಾಯುದೇವನಿಗೆ ಕೃತಜ್ಞನಾಗಿದ್ದನೆಂದೂ, ನಾನು ನೆರೆಹೊರೆಯ ಧರ್ಮವನ್ನು ಪಾಲಿಸಿ ಅದನ್ನು ಮಡಚಿ ನೇರವಾಗಿ ತಂದೆಯ ಕೈಗೇ ಒಪ್ಪಿಸಿದ್ದು ಸರಿಬೀಳಲಿಲ್ಲವೆಂದೂ ಅವನ ಮುಖದಿಂದ ತಿಳಿಯಿತು. ಬೀದಿಯ ತಿರುವಿನಲ್ಲಿ ಎದ್ದ ಸುಂಟರಗಾಳಿಯೊಂದು ತರಗೆಲೆ, ಬಸ್ಸಿನ ಟಿಕೀಟು, ಮದುವೆಯ ಕರೆಯೋಲೆಗಳನ್ನು ಮಾಳಿಗೆಯೆತ್ತರಕ್ಕೆ ಸುತ್ತಿಸಿಕೊಂಡು ಹೋಗುವಾಗ, ಮಕ್ಕಳು ದೆವ್ವ ಬಂತೆಂದು ಕಿರುಚುತ್ತ ಅದರ ಹಿಂದೆಯೇ ಓಡುತ್ತವೆ. ದೆವ್ವಕ್ಕೆ ಹೆದರಿದವರು ದೆವ್ವವಿದ್ದ ಕಡೆಗೇ ಓಡುವುದನ್ನು ನಾನು ಇಲ್ಲಿ ಮಾತ್ರ ಕಂಡಿದ್ದೇನೆ.

ಗಾಳಿಯ ಈ ದಿನಚರಿಯನ್ನು ವಿಜ್ಞಾನದ ಪುಸ್ತಕಗಳ ಸಹಾಯವಿಲ್ಲದೆ ಕರತಲಾಮಲಕ ಮಾಡಿಕೊಂಡಿರುವವರು ನಮ್ಮ ಪಕ್ಕದ ಮನೆಯ ಅಜ್ಜಿ. ಅವರ ಸಂಡಿಗೆಯ ಕಾಯಕ ಬ್ರಾಹ್ಮೀಮುಹೂರ್ತದಲ್ಲಿ ಆರಂಭವಾಗುತ್ತದೆ. ಹಿಟ್ಟು ಬೆಂದು, ಇಂಗು ಜೀರಿಗೆಗಳ ಪರಿಮಳ ಗೋಡೆಯನ್ನು ದಾಟಿ ನಮ್ಮ ನಿದ್ರೆಯನ್ನು ಕೆಡಿಸುವ ಹೊತ್ತಿಗೆ ಅವರು ಮಾಳಿಗೆಯನ್ನೇರಿ, ಹಳೆಯ ಪಂಚೆಯನ್ನು ಹಾಸಿ, ನಾಲ್ಕು ಮೂಲೆಗೆ ನಾಲ್ಕು ಗುಂಡುಕಲ್ಲುಗಳನ್ನು ಹೇರಿ, ಬಿಸಿಲು ಹುಟ್ಟುವುದರೊಳಗೆ ಸಾಲುಸಾಲಾಗಿ ಇಟ್ಟು ಮುಗಿಸಿರುತ್ತಾರೆ. ಗಾಳಿ ಏಳುವ ಹನ್ನೊಂದರೊಳಗೆ ಸಂಡಿಗೆಯ ಮೇಲ್ಮೈ ಬಿಗಿದು, ಧೂಳು ಕೂತರೂ ಅಂಟದಂತಾಗಿರಬೇಕೆಂಬುದು ಅವರ ಸಿದ್ಧಾಂತ. ನಮ್ಮ ಮನೆಯಾಕೆ ಒಂದು ದಿನ ನಿಧಾನವಾಗಿ ಎದ್ದು, ನಿಧಾನವಾಗಿ ಹಿಟ್ಟು ಕಾಯಿಸಿ, ಹತ್ತು ಗಂಟೆಗೆ ಮಾಳಿಗೆ ಹತ್ತುವುದನ್ನು ಕಂಡ ಅಜ್ಜಿ, “ಈ ಹೊತ್ತಿನಲ್ಲಿ ಹಾಕಬೇಡ ಕಣೇ, ಮಣ್ಣಿನ ಸಂಡಿಗೆ ಆಗುತ್ತೆ” ಎಂದು ಎಚ್ಚರಿಸಿದರು. ಆ ವರ್ಷ ಹಬ್ಬದ ಊಟದಲ್ಲಿ ನಾನು ಸಂಡಿಗೆಯನ್ನು ಕಡಿದಾಗಲೆಲ್ಲ ದುರ್ಗದ ಚರಿತ್ರೆಯ ಒಂದೊಂದು ಕಣ ಹಲ್ಲಿನಡಿಯಲ್ಲಿ ನುರಿಯುತ್ತಿತ್ತು. ಮನೆಯಾಕೆ ಕೇಳಿದಾಗ ಗರಿಗರಿಯಾಗಿದೆ ಎಂದೆ; ಅದು ಸುಳ್ಳೂ ಅಲ್ಲ.

ಉಷ್ಣಾಂಶದ ವಿಷಯದಲ್ಲಿ ಮಾತ್ರ ನನಗೂ ಸರ್ಕಾರಿ ಅಂಕಿಗೂ ಬಹುಕಾಲದ ಮನಸ್ತಾಪವಿದೆ. ದುರ್ಗದ ಹವೆಯನ್ನು ಅಳೆದು ಬರೆದಿಡುವ ಪದ್ಧತಿ ಇಂದು ನಿನ್ನೆಯದಲ್ಲ. 1890ರ ದಶಕದಲ್ಲಿಯೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರು ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ವೀಕ್ಷಣೆಗಳನ್ನು ಸೇರಿಸಿ ಮೈಸೂರು ಸಂಸ್ಥಾನದ ಹವೆಯ ವರದಿಗಳನ್ನು ಅಚ್ಚುಹಾಕಿಸಿದ್ದರು. ಅಳತೆಯ ಗಾಂಭೀರ್ಯದಲ್ಲಿ ನನಗೆ ಸಂದೇಹವಿಲ್ಲ. ಸಂದೇಹವೆಲ್ಲ ಉಷ್ಣಮಾಪಕವು ವಾಸಿಸುವ ಮನೆಯ ವಿಷಯದಲ್ಲಿ. ಸ್ಕಾಟ್ಲೆಂಡಿನ ದೀಪಸ್ತಂಭಗಳ ಶಿಲ್ಪಿಯಾದ ಥಾಮಸ್ ಸ್ಟೀವನ್‌ಸನ್ ಎಂಬವರು—‘ಟ್ರೆಷರ್ ಐಲೆಂಡ್’ ಬರೆದ ಕಾದಂಬರಿಕಾರನ ತಂದೆ ಇವರೇ—ಅದಕ್ಕಾಗಿ ಒಂದು ಮರದ ಗೂಡನ್ನು ಕಲ್ಪಿಸಿದರು. ಆಳೆದೆಯೆತ್ತರದ ಕಾಲುಗಳ ಮೇಲೆ ನಿಂತು, ಸುತ್ತಲೂ ಪಟ್ಟಿಪಟ್ಟಿಯಾದ ಜಾಲಂದರಗಳುಳ್ಳ, ಬಿಳಿಯ ಬಣ್ಣ ಬಳಿದ ಆ ಪುಟ್ಟ ಸೌಧದಲ್ಲಿ ಬಿಸಿಲಿಗೆ ಪ್ರವೇಶವಿಲ್ಲ, ಮಳೆಗೆ ಪ್ರವೇಶವಿಲ್ಲ, ತಂಗಾಳಿಗೆ ಮಾತ್ರ ನಿರಾತಂಕವಾದ ಸಂಚಾರ. ಹೀಗೆ ಜಮೀನುದಾರರ ವೈಭವದಲ್ಲಿ ಕುಳಿತ ಪಾದರಸವು 37 ಎಂದು ತನ್ನ ಅನುಭವವನ್ನು ಹೇಳಿದರೆ, ತಗಡಿನ ಮಾಡಿನ ಕೆಳಗೆ ಬಸ್ಸಿಗಾಗಿ ನಿಂತವನು ಅದನ್ನು ತನ್ನ ಅನುಭವವೆಂದು ಹೇಗೆ ಒಪ್ಪಬೇಕು? ಇದಲ್ಲದೆ ಬಯಲುಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ಮುಟ್ಟದ ಹೊರತು ಅದಕ್ಕೆ ಬಿಸಿಗಾಳಿಯೆಂಬ ಪದವಿ ಸಾಮಾನ್ಯವಾಗಿ ದೊರೆಯದು. 39ರಲ್ಲಿ ಬೆಂದವನ ಬೇಗೆ ಅವನ ಸ್ವಂತ ವ್ಯವಹಾರ.

ಇಷ್ಟೆಲ್ಲ ದೂರಿದರೂ ನಮ್ಮ ಹವೆಯನ್ನು ಪರಸ್ಥಳದವರು ದೂರಿದರೆ ಸಹಿಸುವವನು ನಾನಲ್ಲವೆಂಬುದು ಉಡುಪಿಯ ಭಾವನವರು ಬಂದಾಗ ತಿಳಿಯಿತು. ಬಸ್ಸಿನಿಂದ ಇಳಿದವರು ಮುಖಕ್ಕೆ ಕೈ ಅಡ್ಡ ಹಿಡಿದು, “ಎಂತ ಮಾರಾಯ್ರೆ, ಇದು ಗಾಳಿಯಾ, ಒಲೆಯ ಊದುಗೊಳವೆಯಾ?” ಎಂದರು. ಮೊದಲ ದಿನ ಅವರ ತುಟಿ ಒಡೆಯಿತು. ಎರಡನೆಯ ದಿನ ಹಿಮ್ಮಡಿ. ಮೂರನೆಯ ದಿನ ಊರಿನ ಮೇಲಣ ಗೌರವ. ಆದರೆ ಬೆವರೊರೆಸಲು ಸದಾ ಹೆಗಲ ಮೇಲಿರುತ್ತಿದ್ದ ಬೈರಾಸು ಇಲ್ಲಿ ನಿರುದ್ಯೋಗಿಯಾದದ್ದನ್ನು ಅವರು ಗಮನಿಸಲೇ ಇಲ್ಲ. ಕರಾವಳಿಯಲ್ಲಿ ಇದಕ್ಕಿಂತ ಕಡಿಮೆ ಸೆಕೆಯಲ್ಲಿಯೂ ಗಾಳಿ ಮೊದಲೇ ನೀರುಂಡು ತೃಪ್ತವಾಗಿರುವುದರಿಂದ ಮೈಯ ಬೆವರನ್ನು ಸ್ವೀಕರಿಸುವುದಿಲ್ಲವೆಂದೂ, ನಮ್ಮ ದುರ್ಗದ ಗಾಳಿ ನಿತ್ಯದಾಹಿಯಾದ್ದರಿಂದ ಬೆವರು ಮೂಡುವ ಮೊದಲೇ ಹೀರಿ ಮೈಯನ್ನು ತಂಪುಮಾಡುತ್ತದೆಂದೂ ನಾನು ಸಪ್ರಮಾಣವಾಗಿ ನಿರೂಪಿಸಿ, ಸಾಕ್ಷಿಗಾಗಿ ಮೂಲೆಯ ಮಣ್ಣಿನ ಮಡಕೆಯಿಂದ ಒಂದು ಲೋಟ ನೀರನ್ನು ಕೊಟ್ಟೆನು. ಮಡಕೆಯ ಮೈಯಿಂದ ಜಿನುಗಿದ ನೀರು ಒಣಗಾಳಿಯಲ್ಲಿ ಆವಿಯಾಗುತ್ತ ಒಳಗಣ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿ ಒಣಗಿದಷ್ಟೂ ನೀರು ತಣ್ಣಗಾಗುತ್ತದೆ. ಹವೆಯಲ್ಲಿ ತೇವವೆಷ್ಟೆಂದು ತಿಳಿಯಲು ವೀಕ್ಷಣಾಲಯದವರು ಒದ್ದೆಬಟ್ಟೆ ಸುತ್ತಿದ ಇನ್ನೊಂದು ಉಷ್ಣಮಾಪಕವನ್ನು ಇಡುತ್ತಾರಲ್ಲವೆ, ಅದರ ತತ್ತ್ವವೂ ಇದೇ. ಭಾವನವರು ಲೋಟವನ್ನು ಬರಿದುಮಾಡಿ, ಕಣ್ಣು ಮುಚ್ಚಿ, ಬಹುಹೊತ್ತು ಮಾತನಾಡಲಿಲ್ಲ. ವಾದದಲ್ಲಿ ಗೆದ್ದೆನೆಂದು ನಾನು ಭಾವಿಸುತ್ತಿರುವಾಗಲೇ, “ನೀರು ಒಳ್ಳೆದುಂಟು. ನಮ್ಮಲ್ಲಿ ಬಾವಿಯಿಂದ ಸೇದಿದರೆ ಹೀಗೇ ಬರ್ತದೆ” ಎಂದರು.

ಕವಿಗಳನ್ನು ನಂಬಿದವರಿಗಂತೂ ಈ ವಸಂತ ಪೂರ್ಣವಾದ ನಿರಾಶೆ. ಮಲಯಪರ್ವತದ ಚಂದನವನಗಳಿಂದ ಹೊರಡುವ ಮಾರುತಕ್ಕೆ ಶೈತ್ಯ, ಸೌರಭ್ಯ, ಮಾಂದ್ಯಗಳೆಂಬ ಮೂರು ಗುಣಗಳನ್ನು ಆಲಂಕಾರಿಕರು ವಿಧಿಸಿದ್ದಾರೆ. ನಮ್ಮಲ್ಲಿಗೆ ಬರುವುದು ಅದೇ ಮಾರುತವಾಗಿದ್ದ ಪಕ್ಷದಲ್ಲಿ, ಶೈತ್ಯವನ್ನು ಘಟ್ಟದಲ್ಲಿಯೇ ಬಿಟ್ಟು, ಮಾಂದ್ಯವನ್ನು ದಾರಿಯ ಸರ್ಕಾರಿ ಕಚೇರಿಗಳಿಗೆ ದಾನಮಾಡಿ, ಸೌರಭ್ಯದ ಬದಲಿಗೆ ಕಡಲೆಕಾಯಿ ಎಣ್ಣೆಯ ಗಾಣದ ವಾಸನೆಯನ್ನು ಹೊತ್ತು ಬರುತ್ತದೆಂದು ಹೇಳಬೇಕು. ಗಾಳಿಯನ್ನು ನಿಜವಾಗಿ ಹೊಗಳಿದವರು ಕಣದಲ್ಲಿ ರಾಶಿ ತೂರುವವರು. ಮೊರ ಎತ್ತಿ ಹಿಡಿದು, ಬಾರದ ಗಾಳಿಗಾಗಿ ಮಧ್ಯಾಹ್ನವೆಲ್ಲ ಕಾದವರಿಗೆ ಮಾತ್ರ ಗಾಳಿ ಬಂದಾಗ ತೂರಿಕೋ ಎಂದು ಹೇಳುವ ಅಧಿಕಾರವುಂಟು. ಈಗ ಆ ಮಾತು ಯಂತ್ರದಲ್ಲಿ ಒಕ್ಕುವವರ ಪಾಲಿಗೆ ಉಳಿಯದೆ ರಾಜಕಾರಣಿಗಳ ಸ್ವತ್ತಾಗಿದೆ.

ಹೀಗೆ ದಿನಗಳು ಉರುಳುತ್ತಿರಲು, ಏಪ್ರಿಲ್ ಮುಗಿಯುತ್ತ ಬಂದ ಒಂದು ಸಂಜೆ ರೇಡಿಯೋದ ಆ ವಾಕ್ಯ ಬದಲಾಯಿತು. ದಕ್ಷಿಣ ಒಳನಾಡಿನ ಒಂದೆರಡು ಕಡೆಗಳಲ್ಲಿ ಗುಡುಗುಸಹಿತ ಮಳೆಯಾಗುವ ಸಂಭವವಿದೆ ಎಂದುದೇ ತಡ, ರೇಡಿಯೋ ಆರಿಸಲು ಎದ್ದವನು ಹಾಗೆಯೇ ನಿಂತೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿಸಿತು. ಎದುರುಮನೆಯ ನಿವೃತ್ತ ಶಿರಸ್ತೇದಾರರು ಹೊರಬಂದು, ಒಂದೆರಡು ಕಡೆ ಎಂದರೆ ಯಾವ ಯಾವ ಕಡೆ ಎಂಬ ಪ್ರಶ್ನೆಯನ್ನು ಕಂದಾಯ ಇಲಾಖೆಯ ಸೂಕ್ಷ್ಮತೆಯಿಂದ ಎತ್ತಿ, ಗಡಿ ಗುರುತಿಸದ ಭವಿಷ್ಯವು ಗಡಿ ಗುರುತಿಸದ ಜಮೀನಿನಂತೆ ವ್ಯಾಜ್ಯಕ್ಕೆ ಮೂಲವೆಂದರು. ಆದರೂ ಒಂದು ಕಡೆ ನಮ್ಮದೇ ಇರಬೇಕೆಂದು ತೀರ್ಪಿತ್ತು, ಅಟ್ಟದಿಂದ ಛತ್ರಿಯನ್ನು ಇಳಿಸಿದರು. ಪಕ್ಕದ ಮನೆಯ ಅಜ್ಜಿ ಮಾತ್ರ ಇದನ್ನೆಲ್ಲ ಕೇಳಿ, ಉಳಿದಿದ್ದ ಉದ್ದಿನ ಹಿಟ್ಟನ್ನು ಆ ರಾತ್ರಿಯೇ ಕಲಸಲು ಕುಳಿತರು.

“ನಾಳೆ ಮಳೆಯಂತೆ ಅಜ್ಜಿ, ಹಪ್ಪಳ ಒಣಗೋದು ಹೇಗೆ?” ಎಂದೆ.

“ರೇಡಿಯೋದೋರು ಮಳೆ ಅಂದ್ರಲ್ಲಪ್ಪ, ಇನ್ನೇನು ಭಯ?” ಎಂದರು ಅಜ್ಜಿ.

ಎರಡು ತಿಂಗಳು ಒಂದು ದಿನವೂ ತಪ್ಪದೆ ಸತ್ಯವನ್ನು ನುಡಿದು ಗಳಿಸಿದ ಕೀರ್ತಿ ಇಷ್ಟು. ಮರುದಿನ ಮಳೆ ಹಿರಿಯೂರಿನ ಕಡೆ ಬಿದ್ದಿತೆಂದು ಬಸ್ಸಿನವರು ಹೇಳಿದರು. ಆದುದರಿಂದ ಭವಿಷ್ಯವೂ ನಿಜವಾಯಿತು, ಅಜ್ಜಿಯ ಹಪ್ಪಳವೂ ಒಣಗಿತು. ನಮ್ಮ ಬೀದಿಗೆ ಬಂದದ್ದು ಆ ಮಳೆಯ ಗಾಳಿ ಮಾತ್ರ. ಅದು ಶಿರಸ್ತೇದಾರರ ಛತ್ರಿಯನ್ನು ಸಂತೆಪೇಟೆಯ ನಡುವೆ ಮಗುಚಿ, ಮೂರು ಕಡ್ಡಿಗಳನ್ನು ಮುರಿದುಹಾಕಿತು. ರಿಪೇರಿಯವನು ಮಳೆಗಾಲಕ್ಕೆ ಇಷ್ಟು ಮುಂಚಿತವಾಗಿ ಬೋಣಿ ಮಾಡಿಸಿದ ಮಹನೀಯರೆಂದು ಸಂತೋಷಪಟ್ಟು, ಅವರಿಗೆ ಒಂದು ಕಡ್ಡಿಯ ಕೂಲಿಯನ್ನು ಬಿಟ್ಟುಕೊಟ್ಟನು.